ಕಿವಿ ಸಾಹೇಬರ ಚೀಟಿ

ನಮ್ಮ ಯಜಮಾನರನ್ನು ಪೇಟೆಯಲ್ಲಿ ಎಲ್ಲರೂ ಕಿವಿ ಸಾಹೇಬರು ಎನ್ನುತ್ತಾರೆ. ಸಾಹೇಬಿಕೆ ಏನೂ ಇಲ್ಲ, ಮೂವತ್ತು ವರ್ಷ ರೇಡಿಯೋ, ಟೇಪ್‌ರೆಕಾರ್ಡರ್ ರಿಪೇರಿ ಮಾಡಿದವರು. ಆ ಕಸುಬು ನಿಂತ ಮೇಲೂ ಕಿವಿ ಸುಮ್ಮನಿರಬೇಕಲ್ಲ? ಇವರ ತಂಗಿ, ತಂಗಿಯ ಗಂಡ ಸೇರಿ ಹೆಡ್‌ಫೋನ್ ಅಂಗಡಿ ಇಟ್ಟಾಗ ಹೋಗಿ ಅಲ್ಲಿ ಕೂತರು. ತೀರಾ ಅಗ್ಗದ್ದಲ್ಲ, ಕೈಗೆಟುಕದಷ್ಟು ದುಬಾರಿಯೂ ಅಲ್ಲ. ಸಂಗೀತದ ಹುಚ್ಚಿರುವವರು ತಿಂಗಳುಗಟ್ಟಲೆ ಯೋಚಿಸಿ ಕೊಳ್ಳುವಂಥ ಮಾಲು. ಒಂದೊಂದು ಮಾದರಿಗೂ ಇವರು ಒಂದೊಂದು ಚೀಟಿ ಬರೆದು ತೂಗುಹಾಕುತ್ತಿದ್ದರು. ಅದನ್ನು ಓದದೆ ಗಿರಾಕಿಗಳು ಜೇಬಿಗೆ ಕೈ ಹಾಕುತ್ತಿರಲಿಲ್ಲ. ಇದಕ್ಕೆ ಇವರು ಸಂಬಳ ಕೇಳಲಿಲ್ಲ, ಕೊಡಲು ಬಂದರೂ ಮುಟ್ಟಲಿಲ್ಲ. ಬದುಕಿನಲ್ಲಿ ಇವರು ಗಳಿಸಿದ್ದೆಂದರೆ ಆ ಚೀಟಿಯ ಮೇಲಿನ ನಂಬಿಕೆ ಒಂದೇ.

ಪರೀಕ್ಷೆ ನಡೆಯುತ್ತಿದ್ದುದು ನಮ್ಮ ಮನೆಯಲ್ಲಿ. ಮೊದಲ ಮೂರು ಗಂಟೆ ಹಾಡೇ ಇಲ್ಲ. ಕನ್ನಡಕದ ಮೇಲೇ ಹೆಡ್‌ಫೋನ್ ಏರಿಸಿಕೊಂಡು ತರಕಾರಿ ಹೆಚ್ಚುವುದು, ಬಟ್ಟೆ ಮಡಿಸುವುದು. "ರೀ, ಹಾಲು ಉಕ್ತಿದೆ" ಎಂದು ನಾನು ಗಂಟಲು ಹರಿದುಕೊಂಡರೂ ಮೆತ್ತೆ ಮುಚ್ಚಿದ ಕಿವಿಗೆ ತಲುಪದು. ಆಮೇಲೆ ಕನ್ನಡಕದ ಕಡ್ಡಿ ಒತ್ತಿದ ಗುರುತನ್ನು ಕನ್ನಡಿಯಲ್ಲಿ ನೋಡಿಕೊಳ್ಳುವರು. ತಲೆಪಟ್ಟಿ ತಿರುಚಿ ಕಿರುಗುಟ್ಟುತ್ತದೆಯೇ, ವೈರು ಬುಡದಲ್ಲಿ ಸಡಿಲವೇ ಎಂದು ನೋಡುವರು. ಕೊನೆಗೆ ಒಂದೇ ಒಂದು ಕೊಳಲಿನ ರೆಕಾರ್ಡಿಂಗ್. ನುಡಿಸುವವನು ಉಸಿರೆಳೆದುಕೊಳ್ಳುವುದು ಕೇಳಬೇಕು, ಆದರೆ ನಮ್ಮ ಮುಖಕ್ಕೆ ಊದಿದಂತೆ ಇರಬಾರದು ಎನ್ನುತ್ತಿದ್ದರು.

ಒಂದು ನೇಮ ಮಾತ್ರ ಇವರದು ವಿಚಿತ್ರ. ಸೀಲಾದ ಹೊಸ ಡಬ್ಬಿಯನ್ನು ಎಂದೂ ಒಡೆಯುತ್ತಿರಲಿಲ್ಲ. ಒಡೆದ ಡಬ್ಬಿಯನ್ನು ಹೊಸದೆಂದು ಮಾರಲಾಗುವುದಿಲ್ಲ, ತಂಗಿಗೆ ಯಾಕೆ ನಷ್ಟ ಎಂದು. ಗಿರಾಕಿಗಳಿಗೆ ತೋರಿಸಲೆಂದು ಹೊರಗಿಟ್ಟ ಪೀಸನ್ನೇ ನಾದಿನಿಯ ಗಂಡ ಕಳಿಸುತ್ತಿದ್ದ, ಇವರು ಅದನ್ನೇ ನೋಡಿ ಬರೆಯುತ್ತಿದ್ದರು. ಮನೆಯವರನ್ನು ತೂಗಲು ಯಾರು ತಕ್ಕಡಿ ಹಿಡಿಯುತ್ತಾರೆ, ಹೇಳಿ.

ಹೋದ ತಿಂಗಳು ಕಪ್ಪು ಬಣ್ಣದ ಒಂದು ಮಾದರಿ ಬಂತು. "ಮೂರು ಗಂಟೆ ಹಾಕಿಕೊಂಡರೂ ತಲೆಯ ಮೇಲೆ ಭಾರವಿಲ್ಲ, ದನಿ ತಿಳಿಯಾಗಿದೆ" ಎಂದು ಇವರು ಬರೆದರು. ಅಂಥ ಹೊಗಳಿಕೆ ಇವರ ಕೈಯಿಂದ ಬರುವುದೇ ಅಪರೂಪ. ಮಾಲು ಬಿಸಿಬಿಸಿಯಾಗಿ ಖರ್ಚಾಯಿತು. ಎರಡು ವಾರ ಕಳೆದಿರಲಿಲ್ಲ, ನಿವೃತ್ತ ಸಂಗೀತದ ಮೇಷ್ಟ್ರೊಬ್ಬರು ಡಬ್ಬಿ ಹಿಡಿದು ನಮ್ಮ ಮನೆಗೇ ಬಂದರು.

"ನಿಮ್ಮ ಚೀಟಿ ನಂಬಿ ತಗೊಂಡೆ ಸಾಹೇಬ್ರೇ. ಅರ್ಧ ಗಂಟೆಗೆ ತಲೆ ಸಿಡಿಯುತ್ತೆ."

ಇವರು ಅದನ್ನು ಹಾಕಿಕೊಂಡು ಕೂತರು. ಹತ್ತು ನಿಮಿಷಕ್ಕೇ ಕಿವಿ ಕೆಂಪಾಯಿತು. ಕೊಳಲು ಹಾಕಿದರೆ ತಗಡು ಬಡಿದ ಹಾಗಿದೆ ಎಂದರು. ತೋರಿಸುವ ಪೀಸು ಇನ್ನೂ ಮನೆಯಲ್ಲೇ ಇತ್ತು. ಎರಡನ್ನೂ ಪಕ್ಕಪಕ್ಕ ಇಟ್ಟರು. ತೋರಿಸುವ ಪೀಸಿನ ಪಟ್ಟಿ ಎರಡು ಬೆರಳಿನಷ್ಟು ಹೆಚ್ಚು ಹಿಗ್ಗಿತ್ತು, ಕಿವಿಯ ಮೆತ್ತೆ ಬೇರೊಂದು ದುಬಾರಿ ಮಾದರಿಯದು. ಬಿಗಿ ಪಟ್ಟಿಯನ್ನು ಪುಸ್ತಕದ ಅಟ್ಟಿಗೆ ಸಿಕ್ಕಿಸಿ ವಾರಗಟ್ಟಲೆ ಇಟ್ಟರೆ ಹಿಗ್ಗುತ್ತದೆ ಎಂದು ನಾದಿನಿಯ ಗಂಡನಿಗೆ ಕಲಿಸಿಕೊಟ್ಟವರು ಇವರೇ. ಕಲಿತ ವಿದ್ಯೆಯನ್ನು ಗುರುವಿನ ಮೇಲೇ ತಿರುಗಿಸಿದ್ದ ಮಹಾನುಭಾವ.

"ಮೇಷ್ಟ್ರೇ, ತಪ್ಪು ನಂದು. ಡಬ್ಬಿ ಒಡೆದು ನೋಡಬೇಕಿತ್ತು," ಎಂದರು ಇವರು.

ಮೂವರೂ ಅಂಗಡಿಗೆ ಹೋದೆವು. ಏಳೆಂಟು ಗಿರಾಕಿಗಳಿದ್ದರು. ಇವರು ದನಿ ಏರಿಸಲಿಲ್ಲ. ಎರಡೂ ಪೀಸು ಗಾಜಿನ ಮೇಲಿಟ್ಟು, "ಒಂದು ಹೊಸ ಡಬ್ಬಿ ಒಡೀರಿ, ಎಲ್ಲರೂ ನೋಡಲಿ," ಎಂದರು.

ನಾದಿನಿಯ ಗಂಡ ಡಬ್ಬಿ ಮುಟ್ಟಲಿಲ್ಲ. ಗಿರಾಕಿಗಳ ಕಡೆ ತಿರುಗಿ ನಕ್ಕ. "ಯಾರೂ ಬೇಜಾರು ಮಾಡ್ಕೋಬೇಡಿ. ನಮ್ಮ ಭಾವನವರಿಗೆ ವಯಸ್ಸಾಯ್ತು. ಸಣ್ಣ ದನಿ ಕೇಳಿಸಲ್ಲ ಅಂತ ಡಾಕ್ಟರೇ ಬರ್ಕೊಟ್ಟಿದಾರೆ. ಚೀಟಿಯಲ್ಲಿ ಹೆಚ್ಚುಕಮ್ಮಿ ಆಗಿದೆ, ಏನ್ಮಾಡೋದು."

ಮೊಸರು ತಿಂದ ಕೋತಿ ಮೇಕೆಯ ಮೂತಿಗೆ ಒರೆಸಿತ್ತು. "ತಲೆ ಒತ್ತುತ್ತೋ ಇಲ್ವೋ ಅಂತ ತಿಳಿಯೋಕೆ ಕಿವಿ ಕೇಳಬೇಕೇನ್ರೀ?" ಎಂದೆ ನಾನು. ನನ್ನ ಮಾತು ಯಾರಿಗೆ ಬೇಕಿತ್ತು? ಎಲ್ಲರೂ ಇವರ ಕಿವಿಯನ್ನೇ ನೋಡುತ್ತಿದ್ದರು. ಒಬ್ಬಾಕೆ ಕೈಯಲ್ಲಿದ್ದ ಚೀಟಿಯನ್ನು ಮಗುಚಿ ಇಟ್ಟಳು. ಮೇಷ್ಟ್ರು ಕೂಡ ನೆಲ ನೋಡಿದರು.

ಡಾಕ್ಟರು ಹಾಗೆ ಹೇಳಿದ್ದು ನಿಜ. ಅಂದಿನಿಂದ ಕೊಳಲಿನವನ ಉಸಿರಿನಂಥ ಸಣ್ಣ ದನಿಗಳ ಬಗ್ಗೆ ಇವರು ಒಂದಕ್ಷರ ಬರೆದಿರಲಿಲ್ಲ, ಅಷ್ಟು ನಿಯತ್ತು. ವಿಷಯ ಗೊತ್ತಿದ್ದದ್ದು ಇಬ್ಬರಿಗೆ, ನನಗೆ ಮತ್ತು ತಂಗಿಗೆ. ಗಂಡನಿಗೂ ಹೇಳಬೇಡ ಎಂದು ತಂಗಿಯಿಂದ ಮಾತು ತೆಗೆದುಕೊಂಡಿದ್ದರು.

ಇವರು ನಿಧಾನವಾಗಿ ತಿರುಗಿ ನೋಡಿದ್ದು ನನ್ನನ್ನು.

ನಾನಾ? ಗಲ್ಲಾದ ಹಿಂದೆ ನಿಂತಿದ್ದ ನಾದಿನಿ ತಲೆ ಎತ್ತದೆ, "ಅತ್ತಿಗೆ ಏನೂ ಹೇಳಿಲ್ಲ ಅಣ್ಣ," ಎಂದಳು.

ಇವರು ತಮ್ಮ ಚೀಟಿಗಳನ್ನೆಲ್ಲ ಒಂದೊಂದಾಗಿ ಕಿತ್ತು ಜೇಬಿಗೆ ತುರುಕಿಕೊಂಡರು. ಮನೆಗೆ ಬಂದ ಮೇಲೆ "ತಪ್ಪಾಯ್ತು ಕಣೇ" ಎಂದು ನನ್ನ ಕೈ ಹಿಡಿದರು. ನಾನು ಕೈ ಬಿಡಿಸಿಕೊಂಡೆ. ನಂಬಿದ ತಂಗಿ ಕುತ್ತಿಗೆ ಕೊಯ್ದ ನೋವು ಇವರದು, ಅರ್ಥವಾಗುತ್ತದೆ. ಆದರೆ ಇಪ್ಪತ್ತೇಳು ವರ್ಷ ಬಾಳಿದ ಮೇಲೆ ಮೊದಲು ಅನುಮಾನ ಬಂದದ್ದು ನನ್ನ ಮೇಲೆ.