ಭಾವನಿಗೊಂದು ಪಾಪ ಬೇಕಾಗಿತ್ತು

ಕಳೆದ ತಿಂಗಳು ನಮ್ಮ ಭಾವ ಹಾರನಹಳ್ಳಿಯಿಂದ ಮೊದಲ ಬಸ್ಸು ಹಿಡಿದು ಹುಣಸೂರಿನ ನಮ್ಮ ಮನೆಗೆ ಬಂದರು. ಕಾಫಿ ಕುಡಿದರು. ಲೋಟ ಕೆಳಗಿಟ್ಟರು. ಆಚೀಚೆ ನೋಡಿ ದನಿ ತಗ್ಗಿಸಿ ಕೇಳಿದರು.

"ನಿನ್ ತಾವ ಯಾವುದಾದ್ರೂ ಒಳ್ಳೇ ಪಾಪ ಇದ್ರೆ ಯೋಳಪ್ಪಾ."

ನನಗೆ ಕಾಫಿ ನೆತ್ತಿಗೇರಿತು. ನನ್ನ ಹತ್ತಿರ ಜನ ಸಾಲ ಕೇಳಿದ್ದಾರೆ, ಪುಸ್ತಕ ಕೇಳಿದ್ದಾರೆ, ಸ್ಕೂಟರ್ ಕೇಳಿದ್ದಾರೆ. ಪಾಪ ಕೇಳಿದವರು ಇವರೇ ಮೊದಲು.

ಭಾವನ ಹೆಸರು ಜ್ಞಾನಪ್ರಕಾಶ್. ನನ್ನ ಅಕ್ಕ ಸುಗುಣಳ ಗಂಡ. ಹಾರನಹಳ್ಳಿಯ ಹತ್ತಿರ ಹೊಲ, ಎರಡು ಹಸು, ಹೊಗೆಸೊಪ್ಪು ಬೆಂಕಿಯ ಕಾವಿನಲ್ಲಿ ಹದಮಾಡುವ ಒಂದು ಬ್ಯಾರನ್. ಕುಡಿಯುವುದಿಲ್ಲ, ಸೇದುವುದಿಲ್ಲ, ಎಲೆಯಡಿಕೆಯನ್ನೂ ಮುಟ್ಟುವುದಿಲ್ಲ. ಹಸುವನ್ನು ಗದರಿಸುವಾಗಲೂ ಬಹುವಚನ ಬಳಸುತ್ತಾರೇನೋ ಅಂತ ನನಗೆ ಅನುಮಾನ. ಇಂಥ ಮನುಷ್ಯನಿಗೆ ಪಾಪ ಯಾಕೆ ಬೇಕು?

ಸಾಕ್ಷಿ ಹೇಳುವುದಕ್ಕೆ.

ಕ್ರೈಸ್ತರಲ್ಲದ ಓದುಗರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. (ಕ್ರೈಸ್ತರಾದವರು ಈ ಪ್ಯಾರಾ ಹಾರಿಸಬಹುದು. ಪಾಸ್ಟರ ಪ್ರಸಂಗದ ಹೊತ್ತಿನಲ್ಲಿ ಹೇಗೂ ಹಾರಿಸಿ ಅಭ್ಯಾಸ ಇರುತ್ತದೆ.) ಭಾವ ಹೋಗುವ ಪಿರಿಯಾಪಟ್ಟಣದ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಆರಾಧನೆಯ ಮಧ್ಯೆ ಒಬ್ಬೊಬ್ಬರೇ ಎದ್ದು ನಿಂತು ಹೇಳಬೇಕು. ನಾನು ಹೀಗಿದ್ದೆ, ಕರ್ತನಾದ ಯೇಸು ಬಂದು ಮುಟ್ಟಿದನು, ಈಗ ಹೀಗಾಗಿದ್ದೇನೆ ಅಂತ. ಇದಕ್ಕೆ ಸಾಕ್ಷಿ ಎಂದು ಹೆಸರು. ಕೋರ್ಟಿನಲ್ಲಾದರೆ ಸಾಕ್ಷಿಗೆ ಪಾಟೀಸವಾಲು ಇರುತ್ತದೆ. ಇಲ್ಲಿ ಬರೀ ಹಲ್ಲೆಲೂಯ.

ಇದರಲ್ಲಿ ಒಂದು ತೊಡಕಿದೆ. "ಹೀಗಿದ್ದೆ" ಎಂಬ ಭಾಗ ಎಷ್ಟು ಕೆಟ್ಟದಾಗಿರುತ್ತದೋ ಸಾಕ್ಷಿ ಅಷ್ಟು ರುಚಿ.

ಆ ಸಭೆಯ ಸ್ಟಾರ್ ಸ್ಯಾಮಣ್ಣ. ಹಿಂದೆ ಮಹಾ ಕುಡುಕ. ಮಚ್ಚು ಹಿಡಿದು ಹೆಂಡತಿಯನ್ನು ಅಟ್ಟಿಸಿಕೊಂಡು ಹೋದವನು. ಈಗ ಬಿಳಿ ಷರ್ಟು, ಕೈಯಲ್ಲಿ ಬ್ಯಾಗು, ಊರೂರಿಗೆ ಆಹ್ವಾನ. ಹುಣಸೂರಿನಲ್ಲಿ ಸಾಕ್ಷಿ ಹೇಳುವಾಗ ಅವನು ಒಬ್ಬರ ತಲೆ ಒಡೆದಿದ್ದ. ಕೆ.ಆರ್.ನಗರ ಮುಟ್ಟುವಷ್ಟರಲ್ಲಿ ಅದು ಇಬ್ಬರ ತಲೆಯಾಗಿತ್ತು. ಹೆಚ್.ಡಿ.ಕೋಟೆಯಲ್ಲಿ ಒಬ್ಬ ಪೊಲೀಸಿನವನೂ ಸೇರಿಕೊಂಡ. ಪಶ್ಚಾತ್ತಾಪ ಪಟ್ಟ ಮೇಲೂ ಬೆಳೆಯುತ್ತಲೇ ಹೋದ ಪಾಪ ನಾನು ನೋಡಿದ್ದು ಇದೊಂದೇ. ಆದರೂ ಸಭೆಯಲ್ಲಿ ಅವನಿಗೆ ಮುಂದಿನ ಕುರ್ಚಿ, ಊಟದಲ್ಲಿ ಕೋಳಿಯ ತೊಡೆ. ಭಾವನಿಗೆ ಹಿಂದಿನ ಚಾಪೆ, ಊಟ ಬಡಿಸುವ ಡ್ಯೂಟಿ.

ಇಂಥದ್ದರಲ್ಲಿ ಪಿರಿಯಾಪಟ್ಟಣದಲ್ಲಿ ಮೂರು ದಿನದ ಕನ್ವೆನ್ಷನ್ ನಿಗದಿಯಾಯಿತು. ಆಟೋದಲ್ಲಿ ಮೈಕು ಕಟ್ಟಿ ಬೈಲಕುಪ್ಪೆಯವರೆಗೂ ಪ್ರಚಾರ. ವಿಷಯ: "ನಿನ್ನೊಳಗಿನ ಆತ್ಮಿಕ ಐಶ್ವರ್ಯ, ನಿನ್ನ ಮೇಲಿನ ದೇವರ ಉದ್ದೇಶ." ಕೊನೆಯ ದಿನ ಮನೆಗೊಬ್ಬರು ಸಾಕ್ಷಿ ಹೇಳಬೇಕು ಎಂದು ಪಾಸ್ಟರ್ ಆಜ್ಞೆ ಮಾಡಿದರು. ಭಾವನ ಹೆಸರೂ ಬಂತು.

ಅದಕ್ಕೇ ಬಸ್ಸು ಹತ್ತಿ ನನ್ನ ಹತ್ತಿರ ಬಂದಿದ್ದು. ಪತ್ರಿಕೆಗೆ ಬರೆಯುವವನು, ಪಾಪಗಳ ಪರಿಚಯ ಹೆಚ್ಚು ಇರುತ್ತದೆ ಅಂತ ಲೆಕ್ಕಾಚಾರ.

ನಾನು ನಗುತ್ತಿದ್ದೆ. ಭಾವ ನಗಲಿಲ್ಲ.

"ಎಲ್ರಿಗೂ ಒಂದ್ ದಿನ ಅಂತ ಅದೆ ಕಣಪ್ಪಾ. ಕರ್ತ ಬಂದು ಮುಟ್ಟಿದ್ ದಿನ. ನಂಗೆ ಅಂಥದ್ದೊಂದ್ ದಿನವೇ ಇಲ್ಲ. ನಮ್ಮಪ್ಪ ಪ್ರಾರ್ಥನೆ ಮಾಡು ಅಂದ, ಮಾಡ್ದೆ. ಸುಳ್ ಯೋಳ್ಬ್ಯಾಡ ಅಂದ, ಯೋಳ್ನಿಲ್ಲ. ಅಷ್ಟೇಯ. ಒಂದೊಂದ್ ಸಲ ಅನ್ನುಸ್ತದೆ, ಎಲ್ಲಾರ್ ಮನೆಗೂ ಬಂದೋನು ನಮ್ ಮನೆ ಮಾತ್ರ ದಾಟ್ಕಂಡು ಓಗ್ಬುಟ್ನಾ ಅಂತ."

ನನ್ನ ನಗು ನಿಂತಿತು. ಈ ಮನುಷ್ಯ ನಿಜವಾಗಿಯೂ ನೊಂದಿದ್ದರು. ಇಷ್ಟು ವರ್ಷ ಒಳ್ಳೆಯವರಾಗಿದ್ದದ್ದೇ ದೇವರು ತಮ್ಮನ್ನು ಮರೆತಿದ್ದಾನೆ ಅನ್ನುವುದಕ್ಕೆ ಗುರುತು ಎಂದು ನಂಬಿಬಿಟ್ಟಿದ್ದರು. ಯಾರು ಕಲಿಸಿದರು ಇವರಿಗೆ ಇದನ್ನು? ನನಗೆ ಸಿಟ್ಟು ಬಂತು. ಯಾರ ಮೇಲೆ ಅಂತ ಗೊತ್ತಾಗಲಿಲ್ಲ. "ಇದ್ದದ್ದು ಇದ್ದ ಹಾಗೆ ಹೇಳಿ ಭಾವ, ಸಾಕು" ಅಂದೆ. ಭಾವ ತಲೆಯಾಡಿಸಿ ಎದ್ದು ಹೋದರು. ಸಮಾಧಾನವಾದ ಹಾಗೆ ಕಾಣಲಿಲ್ಲ.

ಕನ್ವೆನ್ಷನ್ನಿನ ಕೊನೆಯ ಸಂಜೆ ನಾನೂ ಹೋದೆ. (ಅಕ್ಕನ ಬಲವಂತಕ್ಕೆ. ನಾನು ಹುಟ್ಟು ಕ್ರೈಸ್ತ, ಅಂದರೆ ಭಾನುವಾರ ಬೆಳಗ್ಗೆ ಸರಿಯಾಗಿ ತಲೆನೋವು ಬರುವ ಪಂಗಡ.) ಶಾಮಿಯಾನ, ಟ್ಯೂಬ್‌ಲೈಟು, ಕೀಬೋರ್ಡು. ಕೇರಳದ ಮಾನಂದವಾಡಿ ಕಡೆಯಿಂದ ಬಂದ ಪ್ರಸಂಗಿಗಳು ಮಲಯಾಳಂನಲ್ಲಿ ಗುಡುಗಿದರೆ, ಹೆಚ್.ಡಿ.ಕೋಟೆಯ ಭಾಷಾಂತರಕಾರರು ಕನ್ನಡದಲ್ಲಿ ಅದಕ್ಕಿಂತ ಜೋರಾಗಿ ಗುಡುಗುತ್ತಿದ್ದರು. "ನಿನ್ನೊಳಗೆ ಐಶ್ವರ್ಯವಿದೆ, ಅಗೆ! ಆಳಕ್ಕೆ ಅಗೆ!" ನಮ್ಮ ಕಡೆಯವರಿಗೆ ಅಗೆಯುವುದೆಂದರೆ ಬೋರ್‌ವೆಲ್ಲು. ಪಕ್ಕದಲ್ಲಿದ್ದವರೊಬ್ಬರು ಆಗಲೇ ಆಳ ಎಷ್ಟಿರಬಹುದು ಅಂತ ಯೋಚಿಸುತ್ತಿದ್ದರೋ ಏನೋ, ಮುಖ ಗಂಭೀರವಾಗಿತ್ತು.

ಆಮೇಲೆ ಪ್ರಸಂಗಿಗಳು ಬೀಡಿ ಸಿಗರೇಟಿನ ಮೇಲೆ ತಿರುಗಿದರು. ಅದು ಸೈತಾನನ ಕಡ್ಡಿಯಂತೆ. ಸಭೆಗೆ ಸಭೆಯೇ ಆಮೆನ್ ಅಂದಿತು. ಆಮೆನ್ ಅಂದವರಲ್ಲಿ ಮುಕ್ಕಾಲು ಪಾಲು ಹೊಗೆಸೊಪ್ಪು ಬೆಳೆಯುವವರು. ಪ್ರಾರ್ಥನಾ ಮಂದಿರದ ಚಾವಣಿ ಶೀಟು ಬಂದಿದ್ದೂ ಅದೇ ಸೊಪ್ಪಿನ ಆದಾಯದಲ್ಲಿ ದೇವರಿಗೆಂದು ಕೊಡುವ ದಶಮಾಂಶದಿಂದ. ಬ್ಯಾರನ್ನಿಗೆ ಬೆಂಕಿ ಹತ್ತಿಸಿದರೆ ನಾಲ್ಕೈದು ದಿನ ಹಗಲೂ ರಾತ್ರಿ ಸೌದೆ ಹಾಕುತ್ತ ಕಾಯಬೇಕು. ಹದ ತಪ್ಪಿದರೆ ಸೊಪ್ಪು ಕಪ್ಪಾಗಿ ಇಡೀ ವರ್ಷದ ದುಡಿಮೆ ಮಣ್ಣು. ಸೈತಾನನ ಕಡ್ಡಿಗಾಗಿ ಇಷ್ಟು ಭಕ್ತಿಯಿಂದ ದುಡಿಯುವ ವಿಶ್ವಾಸಿಗಳು ಬೇರೆ ಯಾವ ತಾಲ್ಲೂಕಿನಲ್ಲಿ ಸಿಗುತ್ತಾರೆ?

ಸಾಕ್ಷಿಗಳು ಶುರುವಾದವು. ಸ್ಯಾಮಣ್ಣ ಬಂದ, ತಲೆಗಳು ಉರುಳಿದವು, ಚಪ್ಪಾಳೆಯೋ ಚಪ್ಪಾಳೆ. ಇಳಿದು ಬರುವಾಗ ಭಾವನ ಕಿವಿಯಲ್ಲಿ ಏನೋ ಉಸುರಿದ. ಏನೆಂದು ನನಗೆ ಆಮೇಲೆ ತಿಳಿಯಿತು. "ಸ್ವಲ್ಪ ಖಾರ ಆಕಿ ಪ್ರಕಾಶಣ್ಣ, ಸಪ್ಪೆ ಆದ್ರೆ ಜನ ಎದ್ದೋಯ್ತಾರೆ."

ಭಾವ ಮೈಕಿನ ಮುಂದೆ ನಿಂತರು. ಗಂಟಲು ಸರಿಮಾಡಿಕೊಂಡರು.

"ನಾನೂ... ಒಂದ್ ಕಾಲ್ದಲ್ಲಿ... ಕುಡೀತಿದ್ದೆ."

ಅಕ್ಕ ಸೆರಗು ಬಾಯಿಗಿಟ್ಟುಕೊಂಡಳು. ನಾನು ಎದ್ದೇಬಿಟ್ಟೆ. ಸುಳ್ಳು ಹೇಳಲು ಬಾರದ ಮನುಷ್ಯ, ಬಾಳಿನ ಮೊದಲ ಸುಳ್ಳನ್ನು ಆರಾಧನೆಯಲ್ಲಿ, ಅದೂ ಕೀಬೋರ್ಡಿನ ಹಿಮ್ಮೇಳದೊಂದಿಗೆ ಹೇಳುತ್ತಿದ್ದರು.

"ಎಂಡ್ತಿ ಮಕ್ಳಿಗೆ ಒಡೀತಿದ್ದೆ. ಸಂತೆ ಮಾಳದಲ್ಲಿ ಬಿದ್ದಿರ್ತಿದ್ದೆ..."

"ಲೇ ಪ್ರಕಾಸ!"

ಶಾಮಿಯಾನದ ಹಿಂದಿನಿಂದ ಬಂದ ಕೂಗಿಗೆ ಕೀಬೋರ್ಡು ನಿಂತಿತು. ನೋಡಿದರೆ ನಿಂಗೇಗೌಡ. ಭಾವನ ಪಕ್ಕದ ಹೊಲದವನು, ಚಿಕ್ಕಂದಿನಿಂದಲೂ ಗೆಳೆಯ. ನಮ್ಮ ಮತದವನಲ್ಲ. ಪ್ರಕಾಶ ಮೈಕಿನಲ್ಲಿ ಮಾತಾಡುತ್ತಾನಂತೆ ಎಂಬ ಖುಷಿಗೆ ಇಸ್ತ್ರಿ ಮಾಡಿದ ಪಂಚೆ ಉಟ್ಟುಕೊಂಡು ಬಂದಿದ್ದ.

"ಏನ್ಲಾ ಇದು? ಯಾವಾಗ್ಲಾ ಕುಡ್ದೆ ನೀನು? ಸಂತೆ ಮಾಳದಲ್ಲಿ ಬಿದ್ದಿರ್ತಿದ್ದೋನು ನಾನು ಕಣ್ಲಾ! ನನ್ ಎಂಡ ನಿನ್ ಲೆಕ್ಕಕ್ಕೆ ಯಾಕ್ಲಾ ಬರ್ಕತೀಯಾ?"

ಜನ ತಿರುಗಿದರು. ಅವನು ಜನರ ಕಡೆ ತಿರುಗಿದ.

"ಕೇಳ್ರಪ್ಪಾ. ಬಿದ್ದಿದ್ದ ನನ್ನ ಎತ್ತಾಕ್ಕಂಡು ಮನೆಗ್ ತಂದ್ ಬುಡ್ತಿದ್ದೋನು ಇವ್ನು. ಬ್ಯಾರನ್‌ಗೆ ಬೆಂಕಿ ಆಕ್ಬುಟ್ಟು ನಾನು ಕುಡ್ದು ಮಲೀಕಂಡ್ರೆ, ತನ್ ಬ್ಯಾರನ್ ಜತೆಗೆ ನನ್ದಕ್ಕೂ ಸೌದೆ ಆಕಿ ಕಾದೋನು ಇವ್ನು. ಸೊಪ್ ಕರ್ರಗಾಗಿದ್ರೆ ನನ್ ಮಕ್ಳು ಬೀದಿಗ್ ಬೀಳ್ತಿದ್ರು. ನಾನ್ ಎದ್ದ್ ಮ್ಯಾಕೆ ಒಂದ್ ಮಾತ್ ಬಯ್ನಿಲ್ಲ ಕಣ್ರಪ್ಪಾ, ಕಾಪಿ ಕೊಟ್ಟ. ಇವ್ನ್ ಮುಖ ನೋಡಕ್ಕೆ ನಾಚ್ಕೆ ಆಗಿ ನಾನ್ ಕುಡಿಯೋದೇ ಬುಟ್ಟೆ. ಇವ್ನ್ನ ಕುಡುಕ ಅಂದ್ರೆ ಅಂದೋರ್ ನಾಲ್ಗೆ ಬಿದ್ದೋಯ್ತದೆ!"

ಇಲ್ಲೊಂದು ತಮಾಷೆ. ನಮ್ಮ ಭಾಷಾಂತರಕಾರರು ಅಭ್ಯಾಸಬಲದಿಂದ ಇಷ್ಟನ್ನೂ ಮಲಯಾಳಂಗೆ ಮಾಡುತ್ತಲೇ ಇದ್ದರು. ಪ್ರಸಂಗಿಗಳು ಕಣ್ಣು ಮುಚ್ಚಿ, ಎರಡೂ ಕೈ ಎತ್ತಿ, ಹಲ್ಲೆಲೂಯ ಎನ್ನುತ್ತಿದ್ದರು. ಮಾತು ಮುಗಿದ ತಕ್ಷಣ ಕಣ್ಣು ಬಿಟ್ಟು, "ಸಹೋದರನೇ, ಮುಂದೆ ಬಾ! ಇದೇ ನಿನ್ನ ರಕ್ಷಣೆಯ ದಿನ!" ಎಂದು ಕರೆದರು.

"ಯಾಕ್ ಸಾಮಿ, ನಾನೇನ್ ತಪ್ ಯೋಳ್ದ್ನಾ?" ನಿಂಗೇಗೌಡ ಗಾಬರಿಯಾದ. "ನಂಗೆ ಊರಲ್ಲಿ ಮಾರಮ್ಮ ಅವ್ಳೆ. ಇವ್ನ್ ಸುಳ್ ಯೋಳ್ತಿದ್ದ, ತಡೀಲಾರ್ದೆ ಎದ್ದೆ. ಅಷ್ಟೇಯ." ಪಂಚೆ ಎತ್ತಿ ಕಟ್ಟಿ ಕೂತುಬಿಟ್ಟ.

ಆ ಸಂಜೆ ನಾನು ಕೇಳಿದ ಒಂದೇ ಒಂದು ನಿಜವಾದ ಸಾಕ್ಷಿ ಅದು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಪಾಸ್ಟರ್ ಅವಸರವಾಗಿ ಹಾಡು ಎತ್ತಿಕೊಂಡರು. ಭಾವ ಮೈಕಿನ ಮುಂದೆ ತಲೆತಗ್ಗಿಸಿ ನಿಂತೇ ಇದ್ದರು. ಅವರನ್ನು ಕೈಹಿಡಿದು ಕೆಳಗಿಳಿಸಿದ್ದು ಅಕ್ಕ.

ಮುಂದಿನ ಭಾನುವಾರ ಭಾವ ಸಭೆಯಲ್ಲಿ ಮತ್ತೆ ಎದ್ದು ನಿಂತರು. "ಓದ್ ವಾರ ಮೈಕಲ್ಲಿ ಸುಳ್ ಯೋಳ್ಬುಟ್ಟೆ. ಕ್ಷಮ್ಸಿ" ಅಂದರು. ಕೂತರು. ಪಾಸ್ಟರ್ ಸೀದಾ ಪ್ರಕಟಣೆಗಳಿಗೆ ಹೋದರು. ಒಂದು ಅಸಲಿ ಪಾಪ, ತಾಜಾ ಪಾಪ, ಆದರೆ ಸೈಜು ಸಾಲಲಿಲ್ಲ.

ಮಧ್ಯಾಹ್ನ ಹಾರನಹಳ್ಳಿಯ ಮನೆಯಲ್ಲಿ ಮುದ್ದೆ ಮುರಿಯುತ್ತ ನಾನು ಕೆಣಕಿದೆ. "ಅಂತೂ ಭಾವ, ಒಂದು ಪಾಪ ಸಿಕ್ಕಿತಲ್ಲ. ಈಗ ಸಮಾಧಾನವಾ?"

"ಸಿಗ್ದೆ ಇದ್ರೇನೇ ಚೆನ್ನಾಗಿತ್ತು ಕಣಪ್ಪಾ" ಅಂದರು ಭಾವ. ಒಂದು ತುತ್ತು ನುಂಗಿದರು. "ನಿಂಗ ಯೋಳಿದ್ದೆಲ್ಲಾ ನಂಗೆ ಗ್ಯಾಪ್ಕವೇ ಇರ್ನಿಲ್ಲ. ಬೆಂಕಿ ಆರೋಯ್ತದೆ ಅಂದ್ರೆ ಯಾರಾದ್ರೂ ಸೌದೆ ಆಕ್ತಾರೆ. ಅದೂ ದೇವ್ರ ಉದ್ದೇಶವೇ ಅಂತೀಯಾ? ಅಷ್ಟ್ ಸಣ್ ಕೆಲ್ಸಕ್ಕೆ ಅವ್ನು ನಮ್ಮನೆಗೆ ಬಂದಿರ್ತಾನಾ?"

ದೇವರ ಉದ್ದೇಶದ ಬಗ್ಗೆ ಒಂದು ಸಂಜೆಯಿಡೀ ಎರಡು ಭಾಷೆಯಲ್ಲಿ ಕೇಳಿದ್ದೆ, ಸೌದೆಯ ಮಾತು ಅದರಲ್ಲಿ ಬಂದಿರಲಿಲ್ಲ. ನಾನು ಸಾರು ಕಲಸಿಕೊಂಡೆ.

ಸಾರಿನ ಸೌಟು ಹಿಡಿದು ನಿಂತಿದ್ದ ಅಕ್ಕ ಇಬ್ಬರನ್ನೂ ಒಂದು ಸಲ ನೋಡಿದಳು.

"ಬಿದ್ದೋನ್ನ ಕರ್ತ ಎತ್ತುದ್ರೆ ಎಲ್ಲಾರೂ ಅಲ್ಲೆಲೂಯ ಅಂತೀರಿ. ಇವ್ರು ಬೀಳ್ದಂಗೆ ಇಷ್ಟ್ ವರ್ಸ ಕೈ ಇಡ್ಕಂಡವ್ನಲ್ಲಾ, ಅವ್ನಿಗೆ ಏನಂತೀರಿ?"