ನ್ಯಾಮತಿಗೆ ಹೊತ್ತು ಹೋದ ಹಾಳೆ

ಜಗಳೂರಿನಲ್ಲಿ ಬೆಳಗಿನ ಬಸ್ಸು ಹತ್ತಿದಾಗ ನನ್ನ ಕೈಯಲ್ಲಿ ಎದೆಮಟ್ಟದ ಒಂದು ಖಾಲಿ ಪ್ಲಾಸ್ಟಿಕ್ ಪೈಪು ಇತ್ತು. ಕಂಡಕ್ಟರು ಅದನ್ನು ತಟ್ಟಿ ನೋಡಿ, "ಬೋರ್ ಕೊರೆಸಾಕೆ ಹೊಂಟೀರೇನ್ರಿ?" ಅಂದ. "ಹೂಂ, ನಿನ್ನ ಬಸ್ಸಿನಾಗೇ ಒಂದು ಪಾಯಿಂಟ್ ತೋರ್ಸು" ಅಂದೆ. ಬೇರೆ ದಿನವಾಗಿದ್ದರೆ ನಾನೂ ನಗುತ್ತಿದ್ದೆ. ಅವತ್ತು ನಗುವ ಮನಸ್ಸಿರಲಿಲ್ಲ. ನ್ಯಾಮತಿಯಲ್ಲಿ ಸರೋಜ ಟೀಚರ್ ಸಾಯುತ್ತಿದ್ದರು, ಸಾಯುವುದರೊಳಗೆ ಅವರ ಒಂದು ಕಾಗದವನ್ನು ನಾನು ಮಡಚಿ ತೋರಿಸಬೇಕಿತ್ತು.

ಕಾಗದ ಮಡಚುವುದೆಂದರೆ ದೋಣಿ, ವಿಮಾನ ಅಂದುಕೊಳ್ಳುವವರಿಗೆ ಇಷ್ಟು ಹೇಳಬೇಕು. ನಾವು ಮಾಡುವುದು ಒಂದೇ ದೊಡ್ಡ ಹಾಳೆಯಲ್ಲಿ. ಕತ್ತರಿ ಇಲ್ಲ, ಗೋಂದು ಇಲ್ಲ. ಮೊದಲು ಹಾಳೆ ತುಂಬ ತ್ರಿಕೋನದ ಮನೆಗಳು ಮೂಡುವಂತೆ ಗೆರೆ ಮಡಚಿ ಬಿಚ್ಚಬೇಕು. ಆಮೇಲೆ ಬೇಕಾದ ಕಡೆ ಕಾಗದವನ್ನು ಹಿಡಿದು ತಿರುಚಿ ಚಪ್ಪಟೆ ಕೂರಿಸಬೇಕು. ತಿರುಚಿದಲ್ಲಿ ಒಂದು ಹೂ ಏಳುತ್ತದೆ, ಅದರಿಂದ ಹೊರಟ ನೆರಿಗೆಗಳು ಪಕ್ಕದ ಹೂವಿಗೆ ಹೋಗಿ ಸೇರುತ್ತವೆ. ಹೀಗೆ ಹಾಳೆ ತುಂಬ. ಮುಗಿದ ಮೇಲೆ ಕಿಟಕಿಯ ಬೆಳಕಿಗೆ ಹಿಡಿದರೆ ಪದರ ಹೆಚ್ಚಿದ್ದ ಕಡೆ ಕಪ್ಪಾಗಿ, ಕಡಿಮೆ ಇದ್ದ ಕಡೆ ತಿಳಿಯಾಗಿ ಇಡೀ ಚಿತ್ತಾರ ಕಾಣುತ್ತದೆ. ಮಡಚಿದವನಿಗೂ ಅಲ್ಲಿಯವರೆಗೆ ಅದು ಪೂರ್ತಿ ಕಂಡಿರುವುದಿಲ್ಲ.

ಈ ಹುಚ್ಚು ಹತ್ತಿದವರು ನಮ್ಮ ಜಿಲ್ಲೆಯಲ್ಲಿ ನನಗೆ ಗೊತ್ತಿರುವಂತೆ ಮೂವರು. ನ್ಯಾಮತಿಯ ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದ ಸರೋಜ ಟೀಚರ್, ಚನ್ನಗಿರಿಯ ದರ್ಜಿ ಅನ್ವರ್, ಲಗ್ನಪತ್ರಿಕೆ ಅಚ್ಚು ಹಾಕುವ ತಿಪ್ಪೇಸ್ವಾಮಿ ಅಂದರೆ ನಾನು. ವಾಟ್ಸಾಪಿನಲ್ಲಿ ಪರಿಚಯವಾಗಿ ಕೆಲಸ ಹಂಚಿಕೊಂಡಿದ್ದೆವು. ಚಿತ್ತಾರ ಕಟ್ಟುವುದು ಟೀಚರ್, ಗೆರೆ ಮಡಚುವುದು ಅನ್ವರ್, ತಿರುಚಿ ಕೂರಿಸುವುದು ನಾನು. ಕೂರಲಿಲ್ಲವೆಂದರೆ ಮುಲಾಜಿಲ್ಲದೆ ಹೇಳುವುದೂ ನಾನೇ. "ನಿಮ್ಮ ಬಾಯಿಗೆ ಸಕ್ಕರೆ ಹಾಕಿದ್ರೂ ಕಹಿ ಆಗ್ತತೆ" ಅಂತ ಟೀಚರ್ ಬೈಯುತ್ತಿದ್ದರು. ಆದರೂ ಹೊಸದು ಕಟ್ಟಿದಾಗೆಲ್ಲ ಮೊದಲು ನನಗೇ ಕಳಿಸುತ್ತಿದ್ದರು.

ಅವರಿಗೆ ನರದ ಕಾಯಿಲೆ ಬಂತು. ಮೊದಲು ಕೈ ಹೋಯಿತು, ಆಮೇಲೆ ಕಾಲು, ಈಗ ಉಸಿರಿಗೆ ಬಂದಿತ್ತು. ಕೈ ಹೋದ ಮೇಲೂ ಮಲಗಿದಲ್ಲೇ ಒಂದು ಚಿತ್ತಾರ ಕಟ್ಟಿದ್ದರು. ಅವರು ಹೇಳುತ್ತಿದ್ದ ಹಾಗೆ ಗಂಡ ಹಾಲೇಶಪ್ಪ ಚುಕ್ಕಿ ಹಾಳೆಯ ಮೇಲೆ ಗೆರೆ ಎಳೆದು ಕಳಿಸಿದ್ದರು. ನಡುವೆ ಒಂದು ದೊಡ್ಡ ಹೂ, ಸುತ್ತ ಆರು ಸಣ್ಣ ಹೂ, ಅವುಗಳಾಚೆ ಇನ್ನೊಂದು ಸುತ್ತು. ಅವರು ಅದುವರೆಗೆ ಕಟ್ಟಿದ್ದರಲ್ಲೆಲ್ಲ ಇದೇ ಚೆಂದ. ಅದು ಕೂರುತ್ತದೋ ಇಲ್ಲವೋ ತಿಳಿದುಕೊಂಡೇ ಹೋಗಬೇಕು ಎಂದು ಅವರ ಹಟ.

ದಾವಣಗೆರೆಯಲ್ಲಿ ಬಸ್ಸು ಬದಲಿಸಿದೆ. ಹೆಂಗಸರಿಗೆ ಟಿಕೆಟ್ ಇಲ್ಲದ ಕಾಲ, ಚನ್ನಗಿರಿ ಬಸ್ಸು ಕಾಲಿಡಲು ಜಾಗವಿಲ್ಲದಂತೆ ತುಂಬಿತ್ತು. ಸಂತೇಬೆನ್ನೂರು ದಾಟುವವರೆಗೂ ಪೈಪನ್ನು ತಲೆಯ ಮೇಲೆ ಎತ್ತಿ ಹಿಡಿದು ನಿಂತಿದ್ದೆ. ರಸ್ತೆಯ ಅರ್ಧಕ್ಕೆ ಮೆಕ್ಕೆಜೋಳ ಒಣಹಾಕಿದ್ದರು, ಡ್ರೈವರು ಬೈದುಕೊಂಡು ಉಳಿದರ್ಧದಲ್ಲಿ ಓಡಿಸಿದ.

ಚನ್ನಗಿರಿಯಲ್ಲಿ ಅನ್ವರ್ ಅಂಗಡಿ ಬಾಗಿಲು ಅರ್ಧ ಎಳೆದುಕೊಂಡು ಕಾಯುತ್ತಿದ್ದ. ತೆಳು ಖಾಕಿ ಕಾಗದಕ್ಕೆ ಗೆರೆ ಮಡಚಿ, ಇಸ್ತ್ರಿ ಮಾಡುವ ಮೇಜಿನ ಮೇಲೆ ಹರಡಿಟ್ಟಿದ್ದ. ಒಂದು ಗೆರೆಯೂ ಕೂದಲೆಳೆಯಷ್ಟು ಆಚೀಚೆ ಹೋಗಿರಲಿಲ್ಲ. ಅದನ್ನು ಸುರುಳಿ ಸುತ್ತಿ ಪೈಪಿಗೆ ಇಳಿಸಿಕೊಂಡು, "ನೀನೂ ಬಾರೋ" ಅಂದೆ.

"ಒಲ್ಲೆ ಅಣ್ಣ" ಅಂದ. "ಆಯಮ್ಮನ ಕೈ ನಾನು ನೋಡೀನಿ. ಕೆಲಸ ಮಾಡ್ತಿದ್ದ ಕೈ. ಅವನ್ನ ಹಂಗೆ ಬಿದ್ದಿರೋದು ನೋಡಾಕೆ ನನಗಾಗಲ್ಲ." ನನಗೆ ಸಿಟ್ಟು ಬಂತು. ನೋಡಲು ನನಗೆ ಮಾತ್ರ ಆಸೆಯಾ? ಆದರೆ ಅವನು ಕಟ್ಟಿಕೊಟ್ಟ ಚಪಾತಿ ಪೊಟ್ಟಣವನ್ನು ಸುಮ್ಮನೆ ತೆಗೆದುಕೊಂಡು ಹೊನ್ನಾಳಿ ಬಸ್ಸು ಹತ್ತಿದೆ.

ಹೊನ್ನಾಳಿ ಸೇತುವೆ ದಾಟುವಾಗ ಹೊಳೆಯಲ್ಲಿ ನೀರು ಸಣ್ಣಗಾಗಿ ಬಂಡೆಗಳು ಎದ್ದಿದ್ದವು. ಬಸ್‌ಸ್ಟ್ಯಾಂಡಿನಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದೆ. ನ್ಯಾಮತಿ ಬಸ್ಸಿನಲ್ಲಿ ಪಕ್ಕಕ್ಕೆ ಸೂರಗೊಂಡನಕೊಪ್ಪಕ್ಕೆ ಹರಕೆ ತೀರಿಸಲು ಹೊರಟ ಮುದುಕಿಯೊಬ್ಬಳು ಕೂತಳು. "ಪೈಪಿನಾಗೆ ಏನೈತಪ್ಪ?" ಅಂದಳು. "ಕಾಗದ ಅಜ್ಜಿ" ಅಂದೆ. "ಬರೀ ಕಾಗದಾನ ಇಷ್ಟು ಜ್ವಾಪಾನ ಮಾಡ್ತೀಯಾ?" ಎಂದು ಪೈಪು ಜಾರದಂತೆ ತಾನೂ ಒಂದು ಕೈ ಹಾಕಿ ಹಿಡಿದುಕೊಂಡಳು.

ಟೀಚರ್ ಮನೆ ಊರ ಅಂಚಿನಲ್ಲಿ, ಗದ್ದೆಗೆ ಮುಖ ಮಾಡಿತ್ತು. ಹಾಲೇಶಪ್ಪ ಗದ್ದೆಯಿಂದ ಕಾಲು ತೊಳೆದುಕೊಂಡು ಬಂದರು. ಎತ್ತರದ ಆಳು, ಮಾತು ಕಮ್ಮಿ. ಒಳಗೆ ಕಿಟಕಿ ಪಕ್ಕದ ಮಂಚದ ಮೇಲೆ ಟೀಚರ್ ಮಲಗಿದ್ದರು. ಮೂಗಿನ ಮೇಲಿದ್ದ ಉಸಿರಿನ ಮೆಷಿನ್ನಿನ ಮುಸುಕನ್ನು ಗಂಡ ಸರಿಸಿದ ಮೇಲೆ ಟೀಚರ್, ಒಂದೊಂದು ಮಾತಿಗೂ ಉಸಿರು ತೆಗೆದುಕೊಂಡು, "ಬಂದ್ರಾ... ಕಹಿ ಬಾಯಿ" ಅಂದರು. ಕೈಗಳು ಚಾದರದ ಮೇಲೆ ಬೇರೆ ಯಾರದೋ ಎನ್ನುವಂತೆ ಬಿದ್ದಿದ್ದವು. ಅನ್ವರ್ ಬಾರದಿದ್ದದ್ದೇ ಸರಿ ಅನ್ನಿಸಿತು.

ಮರುದಿನ ಪೂರ್ತಿ ಪಡಸಾಲೆಯ ನೆಲದ ಮೇಲೆ ಹಾಳೆ ಹರಡಿಕೊಂಡು ಕೂತೆ. ನಡುವಿನ ದೊಡ್ಡ ಹೂ ಸಲೀಸಾಗಿ ಕೂತಿತು. ಸಣ್ಣ ಹೂಗಳಿಗೆ ಬಂದಾಗ ಕೆಲಸ ಕೆಟ್ಟಿತು. ಪ್ರತಿಯೊಂದು ಮೂಲೆಯೂ ಲೆಕ್ಕಕ್ಕೆ ಸರಿ ಇತ್ತು. ಆದರೆ ದೊಡ್ಡ ಹೂವಿನ ನೆರಿಗೆ, ಸಣ್ಣ ಹೂವಿನ ನೆರಿಗೆ ಎರಡೂ ಒಂದೇ ಜಾಗಕ್ಕೆ ಬಂದು ಸಿಕ್ಕಿಕೊಳ್ಳುತ್ತಿದ್ದವು. ಅಲ್ಲಿ ಚಪ್ಪಟೆ ಕೂರಬೇಕಾದರೆ ಕಾಗದದ ಒಳಗೇ ಕಾಗದ ತೂರಿಕೊಂಡು ಹೋಗಬೇಕು. ಆರೂ ಕಡೆ ಇದೇ ಕತೆ. ಬಿಚ್ಚಿ ಮಡಚಿ, ಬಿಚ್ಚಿ ಮಡಚಿ, ಗೆರೆ ಸೇರುವ ಜಾಗಗಳು ಬಟ್ಟೆಯಂತೆ ಮೆತ್ತಗಾಗಿ ಹರಿದವು. ಸಂಜೆಗೆ ನನಗೆ ಖಾತ್ರಿಯಾಯಿತು. ಅದು ಮಡಚಲು ಬರುವ ಚಿತ್ತಾರವೇ ಅಲ್ಲ.

ಹಾಲೇಶಪ್ಪನವರನ್ನು ಹೊರಗೆ ಕರೆದು ಹೇಳಿದೆ. ಅವರು ಮೊದಲು ಕೇಳಿದ್ದು, "ಗೆರೆ ಎಳೆದಿದ್ದು ನಾನು. ನನ್ನ ಕೈತಪ್ಪೇನ್ರಿ?"

"ಇಲ್ಲ. ನಿಮ್ಮ ಗೆರೆ ಸರಿ ಅದಾವೆ. ಚಿತ್ತಾರದಾಗೇ ಹಂಗೆ ಬಂದೈತೆ."

"ಹಂಗಾದ್ರೆ ಅವಳಿಗೆ ಹೇಳ್ಬ್ಯಾಡ್ರಿ. ನಿಮ್ಮ ಚೀಲದಾಗೆ ಒಂದು ಮಡಚಿದ್ದು ಐತಲ್ಲ, ಅದನ್ನೇ ತೋರ್ಸಿಬಿಡ್ರಿ. ಅವಳ ಕಣ್ಣು ಮಂಜಾಗ್ಯಾವೆ, ಗೊತ್ತಾಗಲ್ಲ." ನಾನು ಟೀಚರಿಗೆ ತೋರಿಸೋಣ ಎಂದು ನನ್ನದೇ ಒಂದು ಸಣ್ಣ ಚಿತ್ತಾರ ಮಡಚಿ ತಂದಿದ್ದೆ. ಆಗಲ್ಲ ಅಂದೆ. ಈ ವಿಷಯದಲ್ಲಿ ನಾನು ಯಾರಿಗೂ ಸುಳ್ಳು ಹೇಳಿದವನಲ್ಲ, ಟೀಚರಿಗಂತೂ ಹೇಳಲಾರೆ ಅಂದೆ.

ಬೆಳಿಗ್ಗೆ ನಾನು ಸ್ನಾನಕ್ಕೆ ಹೋಗಿದ್ದಾಗ ಆ ಮನುಷ್ಯ ನನ್ನ ಚೀಲದಿಂದ ಅದನ್ನು ತೆಗೆದು ಕಿಟಕಿಗೆ ಹಿಡಿದುಬಿಟ್ಟಿದ್ದರು. ಒದ್ದೆ ತಲೆಯಲ್ಲಿ ಬಾಗಿಲಿಗೆ ಬಂದೆ. "ನೋಡು, ನಿಂದು. ಎಷ್ಟು ಚೆಂದ ಕೂತೈತೆ" ಅನ್ನುತ್ತಿದ್ದರು. ಅವರ ಕಣ್ಣಿಗೆ ಮಡಚಿದ ಕಾಗದವೆಲ್ಲ ಒಂದೇ. ಟೀಚರ್ ಅದನ್ನು ನೋಡಿದರು, ಗಂಡನ ಮುಖವನ್ನು ಅದಕ್ಕಿಂತ ಹೆಚ್ಚು ಹೊತ್ತು ನೋಡಿದರು.

"ಇದು... ತಿಪ್ಪೇಸ್ವಾಮಿಯವ್ರದು ರೀ" ಅಂದರು. ಆಮೇಲೆ ಕಣ್ಣು ನನ್ನ ಕಡೆ ಹೊರಳಿತು. "ನಂದು ಕೂರಲಿಲ್ಲ... ಅಲ್ವಾ?"

"ಇಲ್ಲ ಟೀಚರ್."

ಹಾಲೇಶಪ್ಪ ನನ್ನ ಕಾಗದವನ್ನು ಮಂಚದ ಮೇಲಿಟ್ಟು ಹೊರಗೆ ಹೋದರು. ಅವರು ನನ್ನನ್ನು ಹೊಡೆದಿದ್ದರೂ ನಾನು ಬೇಡ ಅನ್ನುತ್ತಿರಲಿಲ್ಲ.

"ಎಲ್ಲಿ ಸಿಗಾಕ್ಕೊಂತು... ತೋರ್ಸಿ" ಅಂದರು ಟೀಚರ್. ಹರಿದ ಹಾಳೆಯನ್ನು ತಂದು ಅವರ ಮುಖದ ಮೇಲೆ ಎತ್ತಿ ಹಿಡಿದೆ. ಬೆರಳಿಟ್ಟು ತೋರಿಸಿದೆ. ನೋಡಿದರು, ಕಣ್ಣು ಮುಚ್ಚಿದರು, ಮತ್ತೆ ನೋಡಿದರು. "ಕೈ ಇದ್ದಿದ್ರೆ... ಮೊದಲ ದಿನಾನೇ ಗೊತ್ತಾಗ್ತಿತ್ತು" ಅಂದರು. ಅದೊಂದೇ ಸಲ ಕಣ್ಣಲ್ಲಿ ನೀರು ಬಂದದ್ದು. ಒರೆಸಿಕೊಳ್ಳಲು ಅವರಿಗೆ ಆಗುತ್ತಿರಲಿಲ್ಲ, ಎರಡೂ ಕೈಯಲ್ಲಿ ಹಾಳೆ ಹಿಡಿದಿದ್ದ ನನಗೂ ಆಗಲಿಲ್ಲ.

ಮಧ್ಯಾಹ್ನದವರೆಗೆ ಹಾಗೇ ಹಿಡಿದು ನಿಂತೆ. ನಡುನಡುವೆ ಮುಸುಕು ಹಾಕಿ ಉಸಿರು ಕೊಡಬೇಕಿತ್ತು. ಊಟದ ಹೊತ್ತಿಗೆ ಅವರೇ ಕಣ್ಣಲ್ಲಿ ಮುಸುಕು ತೆಗೆಯಿರಿ ಎಂದು ಸನ್ನೆ ಮಾಡಿದರು. "ಸಣ್ಣ ಹೂ... ಒಂದೊಂದು ಮನೆ... ಹೊರಗೆ ಸರಿಸ್ರಿ. ದೊಡ್ಡದು... ಹಿಂದುಮುಂದು ತಿರುವ್ರಿ." ಅಷ್ಟು ಹೇಳುವಷ್ಟರಲ್ಲಿ ಮುಖ ನೀಲಿಗಟ್ಟಿತು. ಹಾಲೇಶಪ್ಪ ಓಡಿ ಬಂದು ಮುಸುಕು ಹಾಕಿದರು. ಮುಸುಕಿನೊಳಗಿಂದಲೇ ಟೀಚರ್ ಇನ್ನೊಂದು ಮಾತು ಹೇಳಿದರು, ಗಂಡ ಕಿವಿಗೊಟ್ಟು ಕೇಳಿ ನನಗೆ ತಿಳಿಸಿದರು: "ಮಡಚಿದ ತಕ್ಷಣ ಫೋನ್ ಮಾಡ್ಬೇಕಂತೆ. ಕೂತ್ರೂ ಸರಿ, ಕೂರದಿದ್ರೂ ಸರಿ."

ಇನ್ನೊಂದು ದಿನ ಉಳಿದು ಅಲ್ಲೇ ನೋಡಿಬಿಡುತ್ತೇನೆ ಎಂದೆ. ಹಾಲೇಶಪ್ಪ ಒಪ್ಪಲಿಲ್ಲ. "ಬಸ್ಸಿಗೆ ಹೊತ್ತಾತು, ನಡೀರಿ" ಎಂದು ಅವರೇ ಪೈಪು ಎತ್ತಿಕೊಂಡರು. ಬಸ್‌ಸ್ಟ್ಯಾಂಡಿನವರೆಗೆ ನಡೆದೆವು. ಬಸ್ಸು ಬಂದ ಮೇಲೆ ನನ್ನ ತೋಳು ಹಿಡಿದುಕೊಂಡರು.

"ಫೋನ್ ಮಾಡ್ಬ್ಯಾಡ್ರಿ" ಅಂದರು. "ಮಾಡಿದ್ರೂ ನಾನು ಎತ್ತಲ್ಲ. ಕೂರಲಿಲ್ಲ ಅಂದ್ರೆ ನೀವು ಕೂರಲಿಲ್ಲ ಅಂತೀರಿ, ನಿಮ್ಮದು ಅಂಥ ಬಾಯಿ. ಇನ್ನೊಂದು ಸಲ ಅದನ್ನ ಕೇಳಿಸ್ಕೊಂಡು ಅವಳು ಹೋಗಬಾರದು. ಕೂರಬಹುದು ಅಂತ ಅಂದ್ಕೊಂಡೇ ಹೋಗ್ಲಿ." ಪೈಪು ತೆಗೆದುಕೊಂಡೆ. ಹತ್ತಿ ಕೂತೆ.

ಹೊನ್ನಾಳಿ ದಾಟಿ ದಾವಣಗೆರೆ ಬಸ್ಸಿನಲ್ಲಿ ಕಿಟಕಿ ಸೀಟು ಸಿಕ್ಕಿತು. ಆಗ ಹೊಳೆಯಿತು. ಇಡೀ ಹಾಳೆ ಯಾಕೆ ಬೇಕು? ಆರೂ ಕಡೆ ಒಂದೇ ತರ, ಒಂದು ಕಡೆ ಕೂತರೆ ಆರೂ ಕೂತ ಹಾಗೆ. ಅನ್ವರ್ ಮಡಚಿದ ಹಾಳೆಯ ಅಂಚು ಇನ್ನೂ ಗಟ್ಟಿಯಾಗಿತ್ತು. ಅದರಿಂದ ಅಂಗೈಯಗಲದ ಒಂದು ತುಂಡು ಹರಿದುಕೊಂಡೆ. ತೊಡೆಯ ಮೇಲೆ ಚೀಲ, ಚೀಲದ ಮೇಲೆ ತುಂಡು. ಬಸ್ಸು ಕುಲುಕಿದಾಗೆಲ್ಲ ಬಿಟ್ಟು, ನಿಂತಾಗೆಲ್ಲ ಹಿಡಿದೆ. ದೊಡ್ಡ ಹೂವಿನ ಆರರಲ್ಲಿ ಒಂದು ಪಾಲನ್ನು ಹಿಂದುಮುಂದು ತಿರುವಿದೆ, ಸಣ್ಣ ಹೂವನ್ನು ಒಂದು ಮನೆ ಹೊರಗೆ ಸರಿಸಿದೆ. ದಾವಣಗೆರೆ ದೀಪಗಳು ಕಾಣುವ ಹೊತ್ತಿಗೆ ಎರಡು ನೆರಿಗೆಯೂ ಒಂದನ್ನೊಂದು ಮುಟ್ಟದೆ, ಅಕ್ಕಪಕ್ಕ ಮಲಗಿದವು. ಬೆರಳಿಂದ ಒತ್ತಿದೆ. ಚಪ್ಪಟೆ ಕೂತಿತು.

ಪಕ್ಕದವನು ಬೆಚ್ಚಿಬೀಳುವ ಹಾಗೆ ನಾನು ಕೂಗಿರಬೇಕು. ಇಳಿದವನೇ ಬಸ್‌ಸ್ಟ್ಯಾಂಡಿನ ಕಂಬಕ್ಕೆ ಒರಗಿ ಹಾಲೇಶಪ್ಪನವರಿಗೆ ಫೋನು ಮಾಡಿದೆ. ರಿಂಗಾಯಿತು. ಎತ್ತಲಿಲ್ಲ. ಮತ್ತೆ ಮಾಡಿದೆ. ಎತ್ತಲಿಲ್ಲ. ಟೀಚರ್ ಫೋನು ಕೆಟ್ಟ ಮೇಲೆ ಆ ಮನೆಯಲ್ಲಿ ಇದ್ದದ್ದು ಅವರ ಬಟನ್ ಫೋನು ಒಂದೇ, ಫೋಟೋ ಕಳಿಸುವಂತಿರಲಿಲ್ಲ, ಮೆಸೇಜು ಅವರು ನೋಡುವವರಲ್ಲ. ಜಗಳೂರು ಬಸ್ಸಿನಲ್ಲಿ ಕೂತು ದಾರಿಯುದ್ದಕ್ಕೂ ಮಾಡಿದೆ. ಕೂತಿತು ಕಣಯ್ಯಾ, ಎತ್ತು, ಎಂದು ಬಾಯಿಬಿಟ್ಟು ಬೈದೆ. ಎತ್ತಲಿಲ್ಲ. ಬೆಳಗಿನ ಮೊದಲ ಬಸ್ಸಿಗೆ ತುಂಡು ಹಿಡಿದುಕೊಂಡು ವಾಪಸ್ಸು ಹೋಗುವುದೆಂದು ನಿಶ್ಚಯಿಸಿ ಮನೆ ಸೇರಿದೆ.

ಬೆಳಿಗ್ಗೆ ಚಪ್ಪಲಿ ಮೆಟ್ಟುತ್ತಿದ್ದಾಗ ಅವರೇ ಫೋನು ಮಾಡಿದರು.

"ಹೋದ್ಲು ರೀ" ಅಂದರು. "ಬೆಳಗಿನ ಜಾವ. ಮಲಗೋ ಮುಂಚೆ ಕೇಳಿದ್ಲು, ಜಗಳೂರಿಂದ ಫೋನ್ ಬಂತಾ ಅಂತ. ಇಲ್ಲ ಅಂದೆ."

ಆ ಕಡೆ ಯಾರೋ ಹೆಂಗಸರು ಅಳುತ್ತಿದ್ದರು.

"ನೀವು ಅಷ್ಟು ಸಲ ಮಾಡಿದ್ರಿ" ಅಂದರು ಹಾಲೇಶಪ್ಪ, ದನಿ ತಗ್ಗಿಸಿ. "ಕೂರಲಿಲ್ಲ ಅಂತ ಹೇಳಾಕೆ ತಾನೇ? ಎತ್ತದೇ ಇದ್ದಿದ್ದು ತಪ್ಪಾತೇನ್ರಿ?"

ತುಂಡು ನನ್ನ ಅಂಗಿ ಜೇಬಿನಲ್ಲಿತ್ತು.

"ಊರು ಮುಟ್ಟಿದೆ ಅಂತ ಹೇಳಾಕೆ ಮಾಡಿದ್ದೆ ಹಾಲೇಶಪ್ಪಾರೆ" ಅಂದೆ. "ಹಾಳೆ ಪೈಪಿನಿಂದ ಇನ್ನೂ ತೆಗೆದೇ ಇಲ್ಲ."

"ಒಳ್ಳೇದಾತು ಬಿಡ್ರಿ" ಅಂದರು. "ಮಣ್ಣಿಗೆ ಬರ್ರಿ."