ನಾಲ್ಕನೇ ಬುತ್ತಿ

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಆದರೆ ‘ಹಸಿವಿಗೆ ತಲೆ ತಿರುಗಿ ಏನೋ ಕೇಳಿಸಿರಬೇಕು’ ಎಂದು ಮಾತ್ರ ನನ್ನ ಮುಂದೆ ಹೇಳಬೇಡಿ. ನಾನು ರಾಯಚೂರಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಹಸಿದವರಿಗೆ ಏನು ಕಾಣುತ್ತದೆ, ಏನು ಕೇಳುತ್ತದೆ ಎಂದು ದಿನಾ ನೋಡುವವಳು. ಆ ರಾತ್ರಿ ಆದದ್ದು ಅದಲ್ಲ.

ಕೃಷ್ಣೆಗೆ ಪ್ರವಾಹ ಬಂದಾಗ ದೇವದುರ್ಗದ ಕಡೆ ನಡುಗಡ್ಡೆಗಳಲ್ಲಿ ಸಿಕ್ಕಿಕೊಂಡವರನ್ನು ಕರೆತರಲು ನಾವು ಮೂವರು ದೋಣಿ ಇಳಿಸುತ್ತೇವೆ. ಸಂಬಳಕ್ಕಲ್ಲ, ನಮ್ಮ ಖುಷಿಗೆ. ಹೊಳೆಯ ಒಳಹೊರಗು ಬಲ್ಲ ಮೀನುಗಾರ ಹನುಮಂತ ಕಾಕಾ, ಮಾನ್ವಿಯಲ್ಲಿ ಗ್ಯಾರೇಜು ಇಟ್ಟಿರುವ ರಫಿ, ಮತ್ತೆ ನಾನು. ‘ಹೆಣ್ಣುಮಗಳಿಗ್ಯಾಕ ಬೇಕಿತ್ತು ಇದು’ ಎಂದವರಿಗೆ ಅಂಗೈಯ ಬೊಬ್ಬೆ ತೋರಿಸಿ ಬಾಯಿ ಮುಚ್ಚಿಸಿದ್ದೇನೆ.

ನಮ್ಮ ದೋಣಿಯಲ್ಲಿ ಒಂದೇ ಕಟ್ಟಳೆ. ಮೊದಲು ನಾವು ಉಣ್ಣಬೇಕು, ಆಮೇಲೆ ಉಳಿದವರು. ಕಾಕಾನ ತಮ್ಮ, ಸದಾ ಬೀಡಿ ಸೇದುತ್ತಿದ್ದ ಮಲ್ಲಪ್ಪ, ಒಮ್ಮೆ ತನ್ನ ರೊಟ್ಟಿಯನ್ನೆಲ್ಲ ನಡುಗಡ್ಡೆಯ ಮಕ್ಕಳಿಗೆ ಹಂಚಿ, ಖಾಲಿ ಹೊಟ್ಟೆಯಲ್ಲಿ ದಿನವಿಡೀ ಹುಟ್ಟು ಹಾಕಿದ. ಕೈಸೋತು ಹೊಳೆಗೆ ಬಿದ್ದವನು ಮತ್ತೆ ಮೇಲೆ ಬರಲಿಲ್ಲ.

ಅಂದಿನಿಂದ ಅವನ ಹೆಂಡತಿ ಈರವ್ವ ನಮಗೆ ನಾಲ್ಕು ಬುತ್ತಿ ಕಟ್ಟುತ್ತಾಳೆ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಒಂದು ತುಂಡು ಬೆಲ್ಲ. ಮೂರು ನಮಗೆ. ನಾಲ್ಕನೆಯದು ಮಲ್ಲಪ್ಪನ ಪಾಲು. ಅದರ ಗಂಟು ಯಾರೂ ಬಿಚ್ಚುವಂತಿರಲಿಲ್ಲ. ಕಟ್ಟಿದಂತೆಯೇ ವಾಪಸು ತಂದರೆ ಈರವ್ವ ತಾನೇ ಅದನ್ನು ಹೊಳೆಗೆ ಬಿಡುತ್ತಿದ್ದಳು.

ಆ ದಿನ ಬೆಳಗಿನಿಂದ ನಾಲ್ಕು ಸಲ ಹೋಗಿ ಬಂದಿದ್ದೆವು. ನಮ್ಮ ಮೂರು ಬುತ್ತಿ ಸಂಜೆಗೇ ಖಾಲಿ. ಐದನೇ ಸಲಕ್ಕೆ, ಕುರಿ ಬಿಟ್ಟು ಬರಲೊಲ್ಲೆನೆಂದು ಹಟ ಹಿಡಿದಿದ್ದ ಒಬ್ಬ ಕುರಿಗಾಹಿಯನ್ನು, ಅವನ ಹೆಂಡತಿಯನ್ನು, ಆರು ವರ್ಷದ ಮಗಳನ್ನು ಹತ್ತಿಸಿಕೊಳ್ಳುವಷ್ಟರಲ್ಲಿ ಕತ್ತಲಾಯಿತು. ನಡುಹೊಳೆಗೆ ಬಂದೆವೋ ಇಲ್ಲವೋ... ಇಂಜಿನ್ ಕೆಮ್ಮಿ ನಿಂತಿತು.

ರಫಿ ಅದರ ಸ್ಟಾರ್ಟರ್ ಹಗ್ಗ ಎಷ್ಟು ಜಗ್ಗಿದರೂ ಅದು ಉಸಿರೆತ್ತಲಿಲ್ಲ. ಇದ್ದದ್ದು ಎರಡೇ ಹುಟ್ಟು. ಒಂದು ನಾನು ಹಿಡಿದೆ, ಒಂದು ರಫಿ. ಎರಡು ದಿನ ಉಪವಾಸವಿದ್ದ ಕುರಿಗಾಹಿ ನೆರವಿಗೆ ಬಂದು, ನಡುಗಿ ಕುಸಿದು ಕೂತ. ಕಾಕಾ ಮುಂದಿನ ತುದಿಯಲ್ಲಿ ಬ್ಯಾಟರಿ ಹಿಡಿದಿದ್ದ. ಕುರಿಗಾಹಿ, ಅವನ ಹೆಂಡತಿ, ಮಗು ನಮ್ಮೆದುರಿಗೆ. ನಮ್ಮ ಬೆನ್ನ ಹಿಂದೆ ಕೆಟ್ಟ ಇಂಜಿನ್ ಬಿಟ್ಟರೆ ಏನೂ ಇಲ್ಲ. ಇದನ್ನು ನೆನಪಿಡಿ.

ಹೊಳೆ ಹರಿಯುವ ಕಡೆ ಬಂಡೆಗಳಿಗೆ ನೀರು ಅಪ್ಪಳಿಸುವ ಸದ್ದು ಹತ್ತಿರವಾಗುತ್ತಿತ್ತು. ಬಂಡೆಗೆ ಬಡಿಯುವ ಮುಂಚೆ ದಂಡೆ ಸೇರದಿದ್ದರೆ ಆರು ಹೆಣ.

“ಅಕ್ಕಾ, ಬೆರಳು ಬಗ್ಗವಲ್ವು,” ರಫಿ ಪಿಸುಗುಟ್ಟಿದ.

ನನಗೂ ಕಣ್ಣು ಕತ್ತಲೆ ಬರುತ್ತಿತ್ತು. ಕಾಲಿನ ಹತ್ತಿರ ನಾಲ್ಕನೇ ಬುತ್ತಿ ಇತ್ತು. ಎತ್ತಿಕೊಂಡೆ.

“ಅದಕ್ಕ ಕೈ ಹಚ್ಚಬ್ಯಾಡವ್ವಾ!” ಕಾಕಾ ಕೂಗಿದ. “ಅದು ನನ್ನ ತಮ್ಮಂದು!”

“ತಮ್ಮಂದು ಅಂತ ಹಿಡಕೊಂಡು ಕುಂತ್ರ ಎಲ್ಲಾರೂ ಅವನ ಹಿಂದನ ಹೋಗತೀವಿ ಕಾಕಾ. ಸುಮ್ನಿರು!”

ಹಲ್ಲಿನಿಂದ ಗಂಟು ಬಿಚ್ಚಿದೆ. ರಫಿಯ ಬಾಯಿಗೆ ರೊಟ್ಟಿ ತುರುಕಿದೆ, ನಾನೂ ತಿಂದೆ. ಬೆಲ್ಲ ಮಗುವಿಗೆ, ಉಳಿದ ಚೂರು ಅದರ ಅಪ್ಪ ಅವ್ವನಿಗೆ. ಕಾಕಾ ಮುಟ್ಟಲಿಲ್ಲ. ಅರ್ಧ ರೊಟ್ಟಿ ನನ್ನ ಮಡಿಲಲ್ಲೇ ಉಳಿಯಿತು.

ಮತ್ತೆ ಹುಟ್ಟು ಹಾಕಿದೆವು. ಆಗ ವಾಸನೆ ಬಂತು... ಒದ್ದೆ ಬಲೆ, ಬೀಡಿ ಹೊಗೆ. ನಮ್ಮಲ್ಲಿ ಯಾರೂ ಬೀಡಿ ಸೇದುವುದಿಲ್ಲ.

ಚಳಪ್... ನನ್ನದು. ಚಳಪ್... ರಫಿಯದು.

ಚಳಪ್...

ಮೂರನೆಯದು. ಬೆನ್ನ ಹಿಂದಿನಿಂದ.

ರಫಿ ನನ್ನ ಮುಖ ನೋಡಿದ. ಅವನಿಗೂ ಕೇಳಿಸಿತ್ತು. ಅಡ್ಡಡ್ಡ ಜಾರುತ್ತಿದ್ದ ದೋಣಿ ನೇರವಾಗಿ ದಂಡೆಯ ಕಡೆ ತಿರುಗಿತು.

ಮಗು ನನ್ನ ಭುಜದಾಚೆ ನೋಡುತ್ತಾ ಮೆಲ್ಲಗೆ ಕೇಳಿತು: “ಅಕ್ಕಾ, ಹಿಂದಿನ ಮಾಮಾಗ ಯಾಕ ಕೊಡಲಿಲ್ಲ?”

ಸುಳ್ಳು ಹೇಳುವುದಿಲ್ಲ, ಹುಟ್ಟು ಕೈಜಾರುವಷ್ಟು ಹೆದರಿದೆ. ಮರುಗಳಿಗೆಯೇ ಎಲ್ಲಿತ್ತೋ ಸಿಟ್ಟು, ಉಕ್ಕಿ ಬಂತು. ಹೆದರುತ್ತ ಕೂರಲು ಪುರಸೊತ್ತು ಯಾರಿಗಿತ್ತು? ಅರ್ಧ ರೊಟ್ಟಿಯನ್ನು ಹಿಂದಕ್ಕೆ ಚಾಚಿದೆ. ತಿರುಗಿ ನೋಡಲಿಲ್ಲ.

“ತಗೋ ಮಲ್ಲಪ್ಪಣ್ಣಾ. ನಿನ್ನ ಗಂಟು ಬಿಚ್ಚಿದಾಕಿ ನಾನು. ಸಿಟ್ಟಿದ್ರ ನನ್ನ ಮ್ಯಾಲಿರಲಿ. ಈ ಕೂಸು ದಂಡಿ ಮುಟ್ಟೋತನಕ ಹುಟ್ಟು ಬಿಡಬ್ಯಾಡ!”

ರೊಟ್ಟಿಯನ್ನು ಯಾರೋ ಮೆತ್ತಗೆ ಎಳೆದುಕೊಂಡರು. ತಾಗಿದ ಬೆರಳು ತಣ್ಣಗಿತ್ತು. ಆಮೇಲೆ ಖಡಕ್ ರೊಟ್ಟಿ ಕಡಿಯುವ ಸದ್ದು... ನಿಧಾನವಾಗಿ, ಹಸಿದವರು ಕಡಿಯುವ ಹಾಗೆ. ಮತ್ತೆ ಚಳಪ್.

ದಂಡೆಯಲ್ಲಿ ಜನ ಹಗ್ಗ ಎಸೆದು ಎಳೆದುಕೊಂಡರು. ಆರೂ ಮಂದಿ ಇಳಿದೆವು. ಈರವ್ವ ಕಂದೀಲು ಹಿಡಿದು ನಿಂತಿದ್ದಳು. ಖಾಲಿ ಬಟ್ಟೆಯನ್ನು ಅವಳ ಕೈಗಿಟ್ಟೆ.

“ನಾನ ಬಿಚ್ಚಿದೆ ಯವ್ವಾ. ಬೈಯೋದಿದ್ರ ನನಗ ಬೈ.”

ಅವಳು ಬೈಯಲಿಲ್ಲ. ಬಟ್ಟೆ ಮೂಸಿದಳು.

“ಅವ... ಉಂಡನೇನು?”

“ಉಂಡ,” ಅಂದೆ.

ಈರವ್ವ ಅಲ್ಲೇ ಕೆಸರಲ್ಲಿ ಕುಸಿದು ಕೂತಳು. “ಹಸಗೊಂಡು ಹೋದ ಅಂತ ಇಷ್ಟು ವರ್ಷ ನನಗ ತುತ್ತು ಇಳೀತಿರಲಿಲ್ಲವ್ವಾ,” ಎಂದು ಬಾಯಿಬಿಟ್ಟು ಅತ್ತಳು. ಆ ರಾತ್ರಿ ನಾವೆಲ್ಲ ಅವಳ ಮನೆಯಲ್ಲಿ ಉಂಡೆವು. ಅವಳೂ ಉಂಡಳು.

ಈಗ ನಾಲ್ಕನೇ ಬುತ್ತಿ ವಾಪಸು ಬರುವುದಿಲ್ಲ. ನಡುಗಡ್ಡೆಯವರಿಗೆ ಹಂಚಿ, ಅರ್ಧ ರೊಟ್ಟಿಯನ್ನು ಇಂಜಿನ್ ಪಕ್ಕ ಇಡುತ್ತೇನೆ. ಕಾಕಾ ಯಾರಿಗೂ ಹೇಳದೆ ಅಲ್ಲೊಂದು ಮೂರನೇ ಹುಟ್ಟು ತಂದಿಟ್ಟಿದ್ದಾನೆ. ದಂಡೆ ಸೇರುವಷ್ಟರಲ್ಲಿ ರೊಟ್ಟಿ ಇರುವುದಿಲ್ಲ. ಅಲೆ ಕೊಚ್ಚಿಕೊಂಡು ಹೋಗಿರಬೇಕು ಎನ್ನುತ್ತಾನೆ ರಫಿ. ಇರಬಹುದು.

ಹೆದರಿಕೆಯಾಗುವುದಿಲ್ಲವೇ ಅಂದರೆ, ಆಗುತ್ತದೆ. ದೋಣಿ ಹತ್ತಿದ ಕೂಡಲೇ ಬೆನ್ನು ತಣ್ಣಗಾಗುತ್ತದೆ. ಆದರೂ ಗಟ್ಟಿಯಾಗಿಯೇ ಹೇಳುತ್ತೇನೆ: “ಉಣ್ಣು, ಹುಟ್ಟು ಹಾಕು. ಕುಂತು ಉಣ್ಣೋರಿಗೆ ಈ ದೋಣ್ಯಾಗ ಜಾಗ ಇಲ್ಲ.”

ಹಿಂದೆ ತಿರುಗಿ ಮಾತ್ರ ಇವತ್ತಿಗೂ ನೋಡಿಲ್ಲ.